ಫೋಟೋ ಬಂತೇ?

ಫೋಟೋವಿನ ವಿಷಯದಲ್ಲಿ ಕನ್ನಡಕ್ಕೆ ಎರಡು ಕ್ರಿಯಾಪದಗಳುಂಟು. ಒಂದು ತೆಗೆಯುವುದು, ಇನ್ನೊಂದು ಬರುವುದು. ತೆಗೆಯುವವರು ಫೋಟೋಗ್ರಾಫರು, ಬರುವುದು ಫೋಟೋ. “ಚೆನ್ನಾಗಿ ತೆಗೆದಿದ್ದಾರೆ” ಎನ್ನುವವರಿಗಿಂತ “ಚೆನ್ನಾಗಿ ಬಂದಿದೆ” ಎನ್ನುವವರೇ ನಮ್ಮಲ್ಲಿ ಹೆಚ್ಚು. ಮಳೆ ಬರುತ್ತದೆ, ಬೆಳೆ ಬರುತ್ತದೆ, ಮಾವಿನ ಮರಕ್ಕೆ ಹೂ ಬರುತ್ತದೆ. ಹಾಗೆಯೇ ಫೋಟೋ ಕೂಡ ಬರುತ್ತದೆ. ಬಾರದೆಯೂ ಹೋಗಬಹುದು. ತರಗತಿಯಲ್ಲಿ ವ್ಯಾಕರಣ ಹೇಳುವಾಗ ನಾನು ಈ ಉದಾಹರಣೆಯನ್ನು ಹಲವು ಸಲ ಕೊಟ್ಟಿದ್ದೇನೆ. ಈಚೆಗೆ ಹುಡುಗರು ಸುಮ್ಮನೆ ನನ್ನ ಮುಖ ನೋಡುತ್ತಾರೆ. ತೆಗೆದ ಮೇಲೆ ಬಂದೇ ಬರುತ್ತದಲ್ಲ, ಇದರಲ್ಲಿ ಎರಡೇನು ಬಂತು ಎಂದು ಅವರ ಭಾವ. ಅವರ ತಪ್ಪಲ್ಲ. ಅವರು ಹುಟ್ಟಿ ಕಣ್ಣು ಬಿಡುವ ಹೊತ್ತಿಗೆ ಈ ಎರಡು ಕ್ರಿಯೆಗಳ ನಡುವೆ ಇದ್ದ ಒಂದು ವಾರದ ಅಂತರ ಮಾಯವಾಗುತ್ತ ಬಂದಿತ್ತು.

ಆ ಒಂದು ವಾರದೊಳಗೆ ಒಬ್ಬ ಮನುಷ್ಯ ವಾಸವಾಗಿದ್ದ. ಅಲ್ಲಿ ಅವನದೇ ರಾಜ್ಯ. ಫೋಟೋ ತೆಗೆಸಿಕೊಂಡವರು ಹೊರಗೆ, ಫೋಟೋ ಒಳಗೆ, ನಡುವೆ ಅವನೊಬ್ಬ. ನಮ್ಮೂರು ಹೊಳೆನರಸೀಪುರದಲ್ಲಿ ಅಂಥವರೊಬ್ಬರನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಹೆಸರು ಹೇಳಿದರೆ ಅವರಿಗೆ ಸಂಕೋಚವಾದೀತು. ಮಕ್ಕಳಾಗಿದ್ದಾಗ ನಾವೆಲ್ಲ ಕರೆಯುತ್ತಿದ್ದಂತೆ ಫೋಟೋ ಮಾವ ಎಂದೇ ಇಲ್ಲಿಯೂ ಕರೆಯುತ್ತೇನೆ.

ಅವರ ಸ್ಟುಡಿಯೋ ಪೇಟೆ ಬೀದಿಯಲ್ಲಿ ಒಂದು ಜವಳಿ ಅಂಗಡಿಯ ಮಹಡಿಯ ಮೇಲೆ. ಮರದ ಮೆಟ್ಟಿಲು ಹತ್ತಿ ಹೋದರೆ ಮೊದಲು ಸಿಕ್ಕುತ್ತಿದ್ದುದು ಒಂದು ನಿಲುವುಗನ್ನಡಿ, ಅದರ ಪಕ್ಕದಲ್ಲಿ ಪೌಡರಿನ ಡಬ್ಬಿ, ಯಾರೂ ಜೇಬಿಗಿಳಿಸದಂತೆ ದಾರದಲ್ಲಿ ಕಟ್ಟಿದ ಬಾಚಣಿಗೆ, ಮತ್ತು ಗೂಟಕ್ಕೆ ನೇತುಹಾಕಿದ ಒಂದು ಕಪ್ಪು ಕೋಟು. ನಮ್ಮೂರಿನ ಗಂಡಸರಲ್ಲಿ ಆ ಕೋಟಿನೊಳಗೆ ಒಮ್ಮೆಯಾದರೂ ಹೊಕ್ಕು ಬಾರದವರು ಕಡಿಮೆ. ಎಂಥ ಹೊಟ್ಟೆಗೂ ಹಿಡಿಸಲಿ ಎಂದು ಅದರ ಬೆನ್ನನ್ನು ಉದ್ದಕ್ಕೆ ಸೀಳಿಬಿಟ್ಟಿದ್ದರು. ಮುಂದಿನಿಂದ ನೋಡಿದರೆ ಅಮಲ್ದಾರರು, ಹಿಂದಿನಿಂದ ನೋಡಿದರೆ ಬರಿಯ ಬನಿಯನ್ನು. ಗೋಡೆಗೆ ಒಂದು ಪರದೆ. ಅದರ ಮೇಲೆ ಸರೋವರ, ಎರಡು ಹಂಸ, ಹಿಂದೆ ಹಿಮದ ಬೆಟ್ಟ. ಹೇಮಾವತಿಯ ದಡದಲ್ಲಿ ಹುಟ್ಟಿ ಬೆಳೆದವರೆಲ್ಲ ಆ ಹಿಮದ ಬೆಟ್ಟದ ಮುಂದೆ ಕುಳಿತೇ ಫೋಟೋ ತೆಗೆಸಿಕೊಂಡರು.

ಅವರ ಯಾಷಿಕಾ ಕ್ಯಾಮರಾ ಎರಡು ಕಣ್ಣಿನದು. ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನದು ತೆಗೆಯುವುದಕ್ಕೆ. ಅದನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುತ್ತದೆ. ಒಂದು ರೀಲಿಗೆ 12 ಚಿತ್ರ. ಬಂದವರ ಮುಂದೆಲ್ಲ ಫೋಟೋ ಮಾವ ತಲೆ ಬಾಗಿಸಿ ನಿಲ್ಲುತ್ತಿದ್ದುದು ಆ ಕ್ಯಾಮರಾದ ದೆಸೆಯಿಂದ. ಆದರೆ ಹಾಗೆ ತಲೆ ಬಾಗಿಸಿಕೊಂಡೇ “ಗದ್ದ ಮೇಲೆ, ಇನ್ನೂ ಮೇಲೆ, ಸಾಕು, ಉಸಿರು ಹಿಡೀರಿ” ಎಂದು ಅಪ್ಪಣೆ ಕೊಡುತ್ತಿದ್ದರು. ಪೋಲೀಸ್ ಇನ್ಸ್‌ಪೆಕ್ಟರೂ ಉಸಿರು ಹಿಡಿಯುತ್ತಿದ್ದರು.

ಹಿಂದುಗಡೆ ಕತ್ತಲೆ ಕೋಣೆ. ನನ್ನ ಏಳೆಂಟನೆಯ ವಯಸ್ಸಿನಲ್ಲಿ ಒಮ್ಮೆ, ಮಾತಾಡಕೂಡದು, ಏನನ್ನೂ ಮುಟ್ಟಕೂಡದು ಎಂಬ ಷರತ್ತಿನ ಮೇಲೆ ನನ್ನನ್ನು ಒಳಗೆ ಬಿಟ್ಟುಕೊಂಡರು. ಕೆಂಪು ದೀಪ, ಹುಳಿ ವಾಸನೆ, ಸಾಲಾಗಿ ಮೂರು ತಟ್ಟೆ. ಮೊದಲನೆಯದರಲ್ಲಿ ಬಿಳಿಯ ಕಾಗದವನ್ನು ಮುಳುಗಿಸಿ ತಟ್ಟೆಯನ್ನು ತೊಟ್ಟಿಲಿನಂತೆ ತೂಗಿದರು. ಒಂದಷ್ಟು ಹೊತ್ತು ಏನೂ ಇಲ್ಲ. ಆಮೇಲೆ ನೀರಿನೊಳಗಿಂದ ಒಂದು ಮೀಸೆ ಬಂತು. ಮೀಸೆಯ ಮೇಲೆ ಎರಡು ಕಣ್ಣುಗುಡ್ಡೆ ಬಂದವು. ಆಮೇಲೆ ನಮ್ಮ ತಾತ ಬಂದರು. ಕಪ್ಪಾದದ್ದು ಮೊದಲು ಮೂಡುತ್ತದೆ, ಬಿಳುಪು ಕಡೆಗೆ, ಎಂಬ ಅದರ ಕಾರಣ ತಿಳಿದದ್ದು ಬಹಳ ವರ್ಷದ ಮೇಲೆ. ಆ ದಿನ ಮಾತ್ರ ತಾತ ಎಲ್ಲಿಂದಲೋ ನಡೆದು ಬಂದರೆಂದೇ ನಂಬಿದೆ. ಬರುವುದು ಎಂಬ ಕ್ರಿಯಾಪದದ ಅರ್ಥ ನನಗೆ ಆದದ್ದು ಅಲ್ಲಿ, ಶಾಲೆಯಲ್ಲಲ್ಲ.

ಕತ್ತಲೆ ಕೋಣೆಯ ಕೆಲಸಕ್ಕಿಂತಲೂ ಗೌರವದ್ದು ಪೆನ್ಸಿಲಿನ ಕೆಲಸ. ಕಿಟಕಿಯ ಬೆಳಕಿಗೆ ನೆಗೆಟಿವನ್ನು ಒರಗಿಸಿಟ್ಟು, ಸೂಜಿಯಂತೆ ಚೂಪಾಗಿ ಕೆತ್ತಿದ ಸೀಸದ ಕಡ್ಡಿಯಿಂದ ಮುಖದ ಕಲೆಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದರು. ಸಿಡುಬಿನ ಗುಳಿ ತುಂಬುತ್ತಿತ್ತು, ಕಣ್ಣಿನ ಕೆಳಗಿನ ಕಪ್ಪು ಇಳಿಯುತ್ತಿತ್ತು. ಗಂಡಿನ ಮನೆಗೆ ಕಳಿಸುವ ಫೋಟೋವಾದರೆ ಇನ್ನೂ ಅರ್ಧ ಗಂಟೆ ಹೆಚ್ಚು. ನಮ್ಮೂರಿನ ಎಷ್ಟೋ ಸಂಬಂಧಗಳು ಕುದುರಿದ್ದು ಆ ಪೆನ್ಸಿಲಿನ ತುದಿಯಲ್ಲಿ. ಇದನ್ನು ಮೋಸವೆನ್ನುವವರು ಈಗ ತಮ್ಮ ಮೊಬೈಲು ತಾನಾಗಿಯೇ ಮಾಡಿಕೊಡುವ ಮುಖದ ನುಣುಪನ್ನು ಏನೆನ್ನುತ್ತಾರೋ ತಿಳಿಯದು. ಫೋಟೋ ಮಾವ ಕಡೆಯಪಕ್ಷ ಯಾರ ಕಲೆ, ಎಲ್ಲಿತ್ತು ಎಂಬುದನ್ನು ಬಲ್ಲವರಾಗಿದ್ದರು. ಹೊರಗೆ ಹೇಳುತ್ತಿರಲಿಲ್ಲ.

ಆಗಿನ ಕಪ್ಪು ಬಿಳುಪು ಕಾಗದದ ಪೊಟ್ಟಣದ ಮೇಲೆ ‘ಇಂದು’ ಎಂಬ ಹೆಸರಿರುತ್ತಿತ್ತು. 1960ರಲ್ಲಿ ಸರ್ಕಾರ ಊಟಿಯಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಫೋಟೋ ಫಿಲಮ್ಸ್ ಕಾರ್ಖಾನೆಯ ಸರಕು ಅದು. ಇಂದು ಎಂದರೆ ಚಂದ್ರ. ಬೆಳ್ಳಿಯ ಲವಣ ಹಚ್ಚಿದ ಕಾಗದಕ್ಕೆ ಚಂದ್ರನ ಹೆಸರು. ಯಾರೋ ರಸಿಕರೇ ಇಟ್ಟಿರಬೇಕು. ಕನ್ನಡದ ಮೇಷ್ಟ್ರಿಗೆ ಅದರ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಊಟಿಯ ಆ ಕಾರ್ಖಾನೆ ಮುಚ್ಚಿಹೋಗಿದೆ; ಆ ‘ಇಂದು’ ಈಗ ಬರಿಯ ನಿನ್ನೆ.

ಇನ್ನು ರೀಲು. ಫಿಲ್ಮಿನ ಸುರುಳಿಗೆ ನಮ್ಮ ಜನ ಇಟ್ಟ ಹೆಸರು ಅದೇ. ಮದುವೆ ಮುಂಜಿಗಳಿಗೆ ಫೋಟೋ ಮಾವ ತರುತ್ತಿದ್ದ ಸಣ್ಣ ಕ್ಯಾಮರಾದಲ್ಲಿ ಒಂದು ರೀಲಿಗೆ 36 ಚಿತ್ರ. “ಎಷ್ಟು ರೀಲು ಹಾಕಿಸಿದಿರಿ?” ಎಂಬುದು ಬೀಗರ ಅಂತಸ್ತನ್ನು ಅಳೆಯುವ ಪ್ರಶ್ನೆಯಾಗಿತ್ತು. ಎರಡು ರೀಲಿನ ಮದುವೆಯಲ್ಲಿ ಮೂರು ರೀಲಿನಷ್ಟು ನೆಂಟರಿರುತ್ತಿದ್ದರು. ಊಟದ ಎಲೆಯ ಮುಂದೆ ಕುಳಿತವರು, ಕೈಗೂಸನ್ನು ಎತ್ತಿಕೊಂಡವರು, ಎಲ್ಲರಿಗೂ ಒಂದು ಫೋಟೋ ಬೇಕು. ಅದಕ್ಕೊಂದು ಉಪಾಯವಿತ್ತು. ಕ್ಯಾಮರಾವನ್ನು ಕಣ್ಣಿಗೆ ಹಿಡಿದು ಬರಿಯ ಫ್ಲ್ಯಾಷು ಹೊಡೆಯುವುದು. ಮಿಂಚು ಮಿಂಚಿತು, ನೆಂಟರು ತೃಪ್ತರಾದರು, ರೀಲು ಮುಂದೆ ಸರಿಯಲಿಲ್ಲ. ಆಮೇಲೆ ಆಲ್ಬಮಿನಲ್ಲಿ ತಮ್ಮ ಮುಖ ಹುಡುಕಿ ಕೇಳಿದವರಿಗೆ “ನಿಮ್ಮದು ಬರಲಿಲ್ಲ, ಸ್ವಾಮಿ” ಎಂದರೆ ಮುಗಿಯಿತು. ನೋಡಿ, ಭಾಷೆಯೇ ಅವರ ಪರವಾಗಿ ಸಾಕ್ಷಿ ಹೇಳುತ್ತಿತ್ತು, ತೆಗೆಯಲಿಲ್ಲ ಎನ್ನಬೇಕಾಗಿರಲಿಲ್ಲ. ರೀಲು ಬಿಡುವುದು ಎಂಬ ಮಾತಿಗೂ ಇದಕ್ಕೂ ಸಂಬಂಧವಿದೆಯೇ ಎಂಬುದನ್ನು ನಿಘಂಟುಕಾರರು ಹೇಳಬೇಕು.

ಆದರೆ ನಿಜವಾಗಿಯೂ ಬಾರದೆ ಹೋದ ಒಂದು ರೀಲಿನ ಕಥೆ ನಮ್ಮ ಮನೆಯಲ್ಲಿಯೇ ಇದೆ.

1992ರ ಬೇಸಿಗೆಯಲ್ಲಿ ನಮ್ಮಕ್ಕನ ಮದುವೆಯಾಯಿತು. ಅವಳಿಗೆ ಪದವಿಯ ಕೊನೆಯ ವರ್ಷ ಬಾಕಿಯಿತ್ತು. ಪರೀಕ್ಷೆ ಮುಗಿಯಲಿ ಎಂದು ಅವಳು, ಒಳ್ಳೆಯ ಸಂಬಂಧ ತಪ್ಪಿಹೋಗುತ್ತದೆ ಎಂದು ಮನೆಯವರು. ಗೆದ್ದವರಾರೆಂದು ಹೇಳಬೇಕಾದ್ದಿಲ್ಲ. ಮುಹೂರ್ತದ ಹೊತ್ತಿನಲ್ಲಿ ಅವಳು ತಲೆ ತಗ್ಗಿಸಿ ಅತ್ತಳು. ಹೆಣ್ಣುಮಕ್ಕಳು ಅಳುವುದು ಶಾಸ್ತ್ರವೇ ಎಂದು ಎಲ್ಲರೂ ಸುಮ್ಮನಿದ್ದರು. ಪಕ್ಕದಲ್ಲಿಯೇ ನಿಂತಿದ್ದ, 12 ವರ್ಷದ ನನಗೆ ಮಾತ್ರ ಅದು ಶಾಸ್ತ್ರದ ಅಳುವಲ್ಲ ಎಂದು ಗೊತ್ತಾಗುತ್ತಿತ್ತು. ಭಾವ, ಪಾಪ, ನಡುಗುವ ಕೈಯಲ್ಲಿ ಮೂರು ಗಂಟು ಹಾಕಿದರು. ಫೋಟೋ ಮಾವ ಸುತ್ತಲೂ ಓಡಾಡಿ ಅದನ್ನೆಲ್ಲ ತೆಗೆದರು.

ತೆಗೆದರು, ಬರಲಿಲ್ಲ. ಕಲರ್ ರೀಲನ್ನು ನಮ್ಮೂರಿನಲ್ಲಿ ತೊಳೆಯುವ ಏರ್ಪಾಡಿರಲಿಲ್ಲ, ರೈಲಿನಲ್ಲಿ ಮೈಸೂರಿನ ಲ್ಯಾಬಿಗೆ ಹೋಗಿ ಬರಬೇಕಾಗಿತ್ತು. ಮದುವೆಯಾದ ಐದನೆಯ ರಾತ್ರಿ, ನಾವು ಊಟಕ್ಕೆ ಏಳುವ ಹೊತ್ತಿಗೆ, ಫೋಟೋ ಮಾವ ಬಾಗಿಲಲ್ಲಿ ಬಂದು ನಿಂತರು. ಒಳಗೆ ಬನ್ನಿ ಎಂದರೆ ಬರಲೊಲ್ಲರು. ಕೈಯಲ್ಲಿ ಕಿತ್ತಲೆ ಬಣ್ಣದ ಒಂದು ಬರಿಯ ಪಟ್ಟಿ. ಗಡಿಬಿಡಿಯಲ್ಲಿ ರೀಲು ಹಾಕುವಾಗ ಅದರ ತುದಿ ಕ್ಯಾಮರಾದೊಳಗಿನ ಸುರುಳಿಗೆ ಸಿಕ್ಕಿಕೊಂಡಿರಲಿಲ್ಲ. ಸದ್ದು ಸರಿಯಾಗಿಯೇ ಆಗಿದೆ, ಎಣಿಕೆಯ ಮುಳ್ಳು 36ರವರೆಗೆ ಸರಿಯಾಗಿಯೇ ನಡೆದಿದೆ, ಒಳಗೆ ರೀಲು ಮಾತ್ರ ಇದ್ದಲ್ಲೇ ಇದೆ. ಕಾಶೀಯಾತ್ರೆಯ ರೀಲು ಬಂದಿದೆ, ಊಟದ ರೀಲು ಬಂದಿದೆ, ನಡುವಿನ ಧಾರೆಯ ರೀಲು ಇಲ್ಲ. ಅಪ್ಪ ಆ ಪಟ್ಟಿಯನ್ನು ದೀಪಕ್ಕೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು, ಮಗಳ ಧಾರೆ ಅದರ ಯಾವುದಾದರೂ ಮೂಲೆಯಲ್ಲಿ ಇದ್ದೀತೇನೋ ಎಂಬಂತೆ. ಫೋಟೋ ಮಾವ ಕಣ್ಣೊರೆಸಿಕೊಳ್ಳುತ್ತಿದ್ದರು. ದೊಡ್ಡವರು ಅಳುವುದನ್ನು ಒಂದೇ ವಾರದಲ್ಲಿ ಎರಡು ಸಲ ಕಂಡು ನನಗೆ ದಿಗಿಲಾಯಿತು.

ಹೊಸ ದಂಪತಿ ಮರುದಿನ ತೌರಿಗೆ ಬರುವವರಿದ್ದರು. ಚಪ್ಪರ ಇನ್ನೂ ಇಳಿಸಿರಲಿಲ್ಲ. ಇನ್ನೊಂದು ಸಲ ಮಾಡಿಬಿಡೋಣ ಎಂದು ತೀರ್ಮಾನವಾಯಿತು. ಅಜ್ಜಿ ಒಪ್ಪಲಿಲ್ಲ. “ಕಟ್ಟಿದ ತಾಳೀನ ಮತ್ತೆ ಕಟ್ಟೋದುಂಟೇನಯ್ಯ? ಅಪಶಕುನ” ಎಂದರು. “ಬಿಚ್ಚೋದು ಬೇಡಿ ಅಮ್ಮ, ಕಟ್ಟೋದೂ ಬೇಡಿ. ಕತ್ತಿನ ಹಿಂದೆ ಕೈ ಇಟ್ಟುಕೊಂಡ್ರೆ ಸಾಕು. ಕಟ್ಟೋ ಹಾಗೆ” ಎಂದು ಫೋಟೋ ಮಾವ ಕೈ ಮುಗಿದರು.

ಹೀಗೆ ಅಕ್ಕನಿಗೆ ಎರಡನೆಯ ಮದುವೆಯಾಯಿತು. ಧಾರೆ ಸೀರೆ ಮತ್ತೆ ಉಡಿಸಿದರು. ಹಿಂದೆ ಜನ ಕಾಣಬೇಕೆಂದು ನೆರೆಮನೆಯ ಹೆಂಗಸರನ್ನೆಲ್ಲ ರೇಷ್ಮೆ ಸೀರೆಯಲ್ಲಿ ಕರೆಸಿದ್ದಾಯಿತು. ಒಬ್ಬರು ಒಲೆಯ ಮೇಲೆ ಸಾರು ಬಿಟ್ಟು ಬಂದಿದ್ದರು, ಬೇಗ ಮುಗಿಸಿ ಎಂದು ತಗಾದೆ. ಪುರೋಹಿತರು ಪರಸ್ಥಳದಲ್ಲಿ. ಫ್ಲ್ಯಾಷಿನ ಬಿಳಿಯ ಛತ್ರಿಯನ್ನು ಹಿಡಿದು ನಿಲ್ಲುವ ಕೆಲಸ ನನ್ನದು. ವಾದ್ಯವಿಲ್ಲದೆ ಎಂಥ ಮುಹೂರ್ತ ಎಂದು ನಮ್ಮ ಸೋದರಮಾವ ತಾವೇ ಕೆನ್ನೆ ಉಬ್ಬಿಸಿ ಬಾಯಲ್ಲಿ ಓಲಗ ಊದಲು ಶುರುಮಾಡಿದರು. ಅಕ್ಕನಿಗೆ ತಡೆಯಲಾಗಲಿಲ್ಲ, ಗಟ್ಟಿಯಾಗಿ ನಕ್ಕುಬಿಟ್ಟಳು. ಅವಳ ಹೆಗಲ ಮೇಲಿನಿಂದ ಬಾಗಿ, ಹಾಕದ ಗಂಟನ್ನು ಹಾಕುತ್ತಿದ್ದ ಭಾವನಿಗೂ ನಗು ಬಂತು. ಆ ಕ್ಷಣದಲ್ಲಿ ಫೋಟೋ ಮಾವ ಗುಂಡಿ ಒತ್ತಿದರು.

ಅದು ಬಂತು. ಹಾಗೆ ಬಂದ ಮದುವೆಯ ಫೋಟೋ ನಾನು ಬೇರೆ ಕಂಡಿಲ್ಲ. “ನಿಮ್ಮ ಹುಡುಗಿ ಎಷ್ಟು ಸಂತೋಷದಿಂದ ತಾಳಿ ಕಟ್ಟಿಸಿಕೊಂಡಿದಾಳೆ ನೋಡಿ” ಎಂದು ಬೀಗಿತ್ತಿ ಬಂದವರಿಗೆಲ್ಲ ತೋರಿಸಿದರು. ನಾವು ಯಾರೂ ಬಾಯಿ ಬಿಡಲಿಲ್ಲ. ಕ್ರಮೇಣ ಅಕ್ಕನೂ ತಾನು ಅತ್ತದ್ದನ್ನು ಮರೆತಳೋ, ಮರೆತಂತೆ ಇದ್ದಳೋ, ನಾನು ಕೇಳಿಲ್ಲ. ಮದುವೆಯಾದ ಎರಡು ವರ್ಷಕ್ಕೆ ಭಾವ ಅವಳನ್ನು ಪರೀಕ್ಷೆಗೆ ಕೂರಿಸಿ ಪದವಿ ಮುಗಿಸಿಸಿದರು ಎಂಬುದನ್ನು ಮಾತ್ರ ಇಲ್ಲಿ ಹೇಳಬೇಕು.

ಫೋಟೋ ಮಾವನ ರಾಜ್ಯವನ್ನು ಕಿತ್ತುಕೊಂಡ ಯಂತ್ರ ಆ ಹೊತ್ತಿಗಾಗಲೇ ಹುಟ್ಟಿ 17 ವರ್ಷವಾಗಿತ್ತು ಎಂಬುದು ನಮಗಾರಿಗೂ ಗೊತ್ತಿರಲಿಲ್ಲ. 1975ರಲ್ಲಿ ಅಮೆರಿಕದ ಕೊಡಾಕ್ ಕಂಪೆನಿಯ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರು ಫಿಲ್ಮೇ ಬೇಡದ ಒಂದು ಕ್ಯಾಮರಾ ಕಟ್ಟಿದರು. ತೂಕ ಸುಮಾರು 3.6 ಕಿಲೋ. ಒಂದು ಕಪ್ಪು ಬಿಳುಪು ಚಿತ್ರ ಕ್ಯಾಸೆಟ್ಟಿನ ಟೇಪಿಗೆ ಇಳಿಯಲು 23 ಸೆಕೆಂಡು ಹಿಡಿಯುತ್ತಿತ್ತಂತೆ. ಫಿಲ್ಮು ಮಾರಿಯೇ ಬದುಕುತ್ತಿದ್ದ ಕಂಪೆನಿಯವರು ಆ ಕೂಸನ್ನು ಎತ್ತಿ ಆಡಿಸಲಿಲ್ಲ. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿಯ ರಕ್ಷಣೆ ಕೇಳಿ ನ್ಯಾಯಾಲಯಕ್ಕೆ ಹೋಯಿತು. ಭಸ್ಮಾಸುರನ ಕಥೆ ನಮಗೆ ಹೊಸದಲ್ಲ. ಇಲ್ಲಿ ವರ ಕೊಟ್ಟವನ ನೆರವಿಗೆ ಮೋಹಿನಿ ಬರಲಿಲ್ಲ ಅಷ್ಟೆ. (ಕಂಪೆನಿ ಪೂರ್ತಿ ಸಾಯಲಿಲ್ಲ. ಈಗಲೂ ಫಿಲ್ಮು ಮಾಡುತ್ತದೆ, ಬೆಂಗಳೂರಿನ ಕೆಲವು ಹುಡುಗರು ಹವ್ಯಾಸಕ್ಕೆ ಅದನ್ನು ಕೊಳ್ಳುತ್ತಾರೆ ಕೂಡ.)

ಕೊಡಾಕಿಗೇ ಹೀಗಾದ ಮೇಲೆ ಜವಳಿ ಅಂಗಡಿಯ ಮಹಡಿಯ ಪಾಡೇನು? ಫೋಟೋ ಮಾವ 2005ರ ಸುಮಾರಿಗೆ ಸಾಲ ಮಾಡಿ ಡಿಜಿಟಲ್ ಕ್ಯಾಮರಾ ಕೊಂಡರು. ಅದರ ಹಿಂದೆ ಕಂಪ್ಯೂಟರು, ಅದರ ಹಿಂದೆ ಪ್ರಿಂಟರು, ಅದನ್ನೆಲ್ಲ ನಡೆಸುವುದಕ್ಕೆ ಒಬ್ಬ ಹುಡುಗ. ಯಾಷಿಕಾ ಮೂವತ್ತು ವರ್ಷ ದುಡಿದಿತ್ತು. ಇದು ಸಾಲ ತೀರುವ ಮೊದಲೇ ಹಳೆಯದಾಯಿತು. ಮದುವೆಯವರು ಕರಿಷ್ಮಾ ಆಲ್ಬಮ್ ಕೇಳಿದರು, ಡ್ರೋನ್ ಕೇಳಿದರು, ಮದುವೆಗೆ ಮೊದಲೇ ಹುಡುಗ ಹುಡುಗಿಯನ್ನು ಹೊಳೆಯ ದಂಡೆಯಲ್ಲಿ ಓಡಿಸಿ ಫೋಟೋ ತೆಗೆಯಬೇಕೆಂದರು. ಆ ಓಟ ಅವರ ಮೊಣಕಾಲಿಗೆ ಸಾಧ್ಯವಿರಲಿಲ್ಲ. ಪಾಸ್‌ಪೋರ್ಟ್ ಅಳತೆಯ ಫೋಟೋವಾದರೂ ಉಳಿದೀತೆಂದರೆ, 2010ರಲ್ಲಿ ಆಧಾರ್ ಬಂತು; ಅಲ್ಲಿ ಕುರ್ಚಿಯಲ್ಲಿ ಕೂರಿಸಿ ಅವರೇ ತೆಗೆದುಕೊಳ್ಳುತ್ತಾರೆ, ಕೋಟೂ ಬೇಡ, ಪೌಡರೂ ಬೇಡ. ಉಳಿದದ್ದನ್ನು ಮೊಬೈಲು ನುಂಗಿತು.

ನನ್ನ ಮದುವೆಯ ಹೊತ್ತಿಗೆ ನಾನು ಬೆಂಗಳೂರಿನವನಾಗಿದ್ದೆ. ಫೋಟೋ ಮಾವನನ್ನು ಕರೆದೆ, ಫೋಟೋಕ್ಕಲ್ಲ, ಊಟಕ್ಕೆ. ಬಂದರು. ಮುಹೂರ್ತದ ಹೊತ್ತಿನಲ್ಲಿ ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ಅಕ್ಷತೆ ಹಾಕಲು ಎದ್ದವರು ಅಭ್ಯಾಸಬಲದಿಂದ ಎಡಕ್ಕೆ ಎರಡು ಹೆಜ್ಜೆ ಸರಿದು, ಅಲ್ಲಿಂದ ಕಾಣುವ ನೋಟವನ್ನು ಕಣ್ಣು ಕಿರಿದು ಮಾಡಿ ನೋಡಿದ್ದನ್ನು ನಾನು ಮಣೆಯ ಮೇಲಿನಿಂದ ಕಂಡೆ. ಕಂಡು ಬೇರೆ ಕಡೆ ನೋಡಿದೆ. ಆ ದಿನ ಬೆಂಗಳೂರಿನ ಹುಡುಗರು ತೆಗೆದದ್ದು ಎರಡು ಸಾವಿರಕ್ಕೂ ಮೇಲೆ. ಎಲ್ಲವನ್ನೂ ಒಂದು ತಟ್ಟೆಯಲ್ಲಿ ತುಂಬಿ ಕೊಟ್ಟರು. ಹೋದ ವರ್ಷ ಹುಡುಕಿ ತೆಗೆದು ಕಂಪ್ಯೂಟರಿಗೆ ಹಾಕಿದರೆ ಸುಮ್ಮನೆ ಗಿರ್ರೆಂದು ತಿರುಗಿ ಹೊರಗೆ ಬಂತು.

2023ರಲ್ಲಿ ಭಾವ ತೀರಿಕೊಂಡರು. ಹನ್ನೊಂದನೆಯ ದಿನಕ್ಕೆ ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು. ಅಕ್ಕನ ಮೊಬೈಲಿನಲ್ಲಿ, ಮಕ್ಕಳ ಮೊಬೈಲಿನಲ್ಲಿ ಸಾವಿರಾರು ಚಿತ್ರಗಳಿದ್ದವು. ಎಲ್ಲದರಲ್ಲಿಯೂ ಭಾವ ಇನ್ನಾರದೋ ಹಿಂದೆ, ಅರ್ಧ ತಟ್ಟೆ ಅರ್ಧ ಮುಖ, ಕಣ್ಣು ಮುಚ್ಚಿ, ಇಲ್ಲವೇ ತಾವೇ ತೆಗೆಯಲು ಹೋಗಿ ಮೂಗು ದೊಡ್ಡದಾಗಿ. ಅಕ್ಕ ಎಲ್ಲವನ್ನೂ ನೋಡಿ ಮೊಬೈಲು ಕೆಳಗಿಟ್ಟು, “ನಮ್ಮ ಮದುವೆದು ಕೇಳಿಕೊಂಡು ಬಾರೋ. ಅವರ ಹತ್ತಿರ ಇದ್ದರೂ ಇರಬಹುದು” ಎಂದಳು. ಆಲ್ಬಮಿನ ಪ್ರತಿ ಗೆದ್ದಲು ಹಿಡಿದು ಹೋಗಿ ವರ್ಷಗಳಾಗಿದ್ದವು.

ಮೆಟ್ಟಿಲು ಅದೇ, ಕನ್ನಡಿ ಅದೇ, ಕೋಟು ಇರಲಿಲ್ಲ. ಫೋಟೋ ಮಾವ ಎಪ್ಪತ್ತೈದು ದಾಟಿದ್ದಾರೆ. ಸ್ಟುಡಿಯೋವಿನಲ್ಲಿ ಈಗ ಹೆಚ್ಚಾಗಿ ಜೆರಾಕ್ಸು ಮತ್ತು ಆನ್‌ಲೈನ್ ಅರ್ಜಿ. “ಬನ್ನಿ ಮೇಷ್ಟ್ರೇ” ಎಂದರು. ನಾನು ಕಾಲೇಜು ಸೇರಿದ ಮೇಲೆ ನನ್ನನ್ನು ಬಹುವಚನಕ್ಕೆ ಏರಿಸಿದ್ದಾರೆ. ಮಧ್ಯೆ ಮಧ್ಯೆ ಮರೆತು ಇಳಿಸುತ್ತಾರೆ. ಹಳೆಯ ಕಾಲವೇ ಚೆನ್ನಾಗಿತ್ತು, ಅಲ್ಲವೇ ಮಾವ, ಎಂದೆ. ಹೌದೆನ್ನುತ್ತಾರೆ, ನಾಲ್ಕು ಮಾತು ಮರುಗುತ್ತಾರೆ, ನನಗೂ ಒಂದು ಪ್ರಬಂಧಕ್ಕಾಗುತ್ತದೆ ಎಂಬ ದುರಾಸೆಯೂ ನನಗಿತ್ತೆಂದು ಒಪ್ಪಿಕೊಳ್ಳಬೇಕು.

ಅವರು ಎರಡೂ ಕೈಗಳನ್ನು ಮುಂದೆ ಚಾಚಿದರು. “ನೋಡು ಈ ಬೆರಳು. ಆಗ ನೋಡಿದ್ದೆಯಲ್ಲ, ಬಿರುಕು ಬಿಟ್ಟು ರಕ್ತ ಒಸರೋದು. ಡೆವಲಪರಿನಲ್ಲಿ ಮೆಟಾಲ್ ಅಂತ ಇರುತ್ತೆ, ನನ್ನ ಚರ್ಮಕ್ಕೆ ಆಗ್ತಿರಲಿಲ್ಲ. ಅನ್ನ ಕಲಸೋಕೆ ಆಗ್ತಿರಲಿಲ್ಲ ಎಷ್ಟೋ ದಿನ. ಅದನ್ನ ನಿಲ್ಲಿಸಿದ ಮೇಲೆ ಕೈ ಕೈಯಾಯ್ತು. ಇನ್ನೊಂದು, ನಿದ್ದೆ. ಮದುವೆ ಫೋಟೋ ತೆಗೆದು ಬಂದ ರಾತ್ರಿ ಮೂವತ್ತು ವರ್ಷ ನಾನು ನಿದ್ದೆ ಮಾಡಿಲ್ಲ. ನಿಮ್ಮ ಮನೆ ಮದುವೆ ಆದ ಮೇಲಂತೂ ರೀಲು ಹಾಕುವಾಗ ಕೈ ನಡುಗೋದು. ಡಿಜಿಟಲ್ ಬಂದ ದಿನ ನೋಡಿದೆ, ತೆಗೆದೆ, ಹಿಂದುಗಡೆ ಇದೆ. ಮನೆಗೆ ಹೋಗಿ ಉಂಡು ಮಲಗಿದೆ. ಏನು ಚೆನ್ನಾಗಿತ್ತು ಹಳೇ ಕಾಲ?”

ನನಗೆ ಉತ್ತರ ತೋಚಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: “ಒಂದೇ ಒಂದು. ಆಗ ಜನ ಮೆಟ್ಟಿಲು ಹತ್ತಿ ಬಂದು ‘ಬಂತಾ’ ಅಂತ ಕೇಳೋರು. ಕವರು ಬಿಚ್ಚಿ ಮೊದಲನೇ ಸಲ ನೋಡುವಾಗ ಅವರ ಮುಖ ನಾನು ನೋಡೋನು. ಈಗ ತೆಗೆಯೋಕೆ ಮೊದಲೇ ‘ತೋರಿಸಿ’ ಅಂತಾರೆ. ನೋಡಿ, ‘ಇನ್ನೊಂದು ತೆಗೀರಿ’ ಅಂತಾರೆ. ಮೂರು ಸಾವಿರ ತೆಗೀತೀವಿ. ಅದನ್ನ ಮನೇಲಿ ಯಾವಾಗ ನೋಡ್ತಾರೋ, ನೋಡ್ತಾರೋ ಇಲ್ಲವೋ. ಆ ಮುಖ ನನಗೆ ಕಾಣೋದಿಲ್ಲ.”

ನೆಗೆಟಿವಿನ ಮಾತು ತೆಗೆದೆ. ಅವರ ಮುಖ ಸ್ವಲ್ಪ ಬಾಡಿತು. ಕೆಲವು ವರ್ಷಗಳ ಕೆಳಗೆ ಕಷ್ಟ ಬಂದಾಗ ಹಳೆಯ ನೆಗೆಟಿವುಗಳನ್ನು ತೂಕಕ್ಕೆ ಹಾಕಿದ್ದರು. ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರವಾಗಿ ಉಳಿಯುವುದು ಬೆಳ್ಳಿಯೇ. ಅದನ್ನು ಕರಗಿಸಿ ತೆಗೆಯುವವರು ಬಂದು ಕೊಳ್ಳುತ್ತಾರೆ. ಹಾಗೆ ಮೂಟೆಗಟ್ಟಿ ಹೋದವರಲ್ಲಿ ನಮ್ಮ ತಾತ ಇದ್ದರು, ಅವರ ಮೀಸೆಯೂ ಇತ್ತು. ಪೋಲೀಸ್ ಇನ್ಸ್‌ಪೆಕ್ಟರು, ಸೀಸದ ಕಡ್ಡಿಯಿಂದ ಚೆಲುವೆಯರಾದ ಹೆಣ್ಣುಮಕ್ಕಳು, ಊರಿಗೆ ಊರೇ ಇತ್ತು. “ಬೇಜಾರು ಮಾಡ್ಕೋಬೇಡ. ಮಗಳ ಆಪರೇಷನ್ ಇತ್ತು” ಎಂದರು. ಆಮೇಲೆ ಎದ್ದು ಹಿಂದಿನ ಕೋಣೆಗೆ ಹೋದರು. “ಕಲರಿನದು ಅವನು ತಗೊಳ್ಳಲಿಲ್ಲ. ತೊಳೆಯುವಾಗಲೇ ಅದರಲ್ಲಿನ ಬೆಳ್ಳಿ ಹೋಗಿಬಿಟ್ಟಿರುತ್ತೆ, ಬರೀ ಬಣ್ಣ ಉಳಿದಿರುತ್ತೆ. ಬೆಲೆ ಇಲ್ಲ.”

ಬೆಲೆಯಿಲ್ಲದ್ದರಿಂದ ಉಳಿದ ಬಿಸ್ಕತ್ತಿನ ಡಬ್ಬಿಗಳು ಅಲ್ಲಿ ಸಾಲಾಗಿದ್ದವು. ಉದ್ದನೆಯ ರಿಜಿಸ್ಟರಿನಲ್ಲಿ 1992ನೆಯ ಇಸವಿ ಹುಡುಕಿ, ನಂಬರು ಹಿಡಿದು, ಮೂರನೆಯ ಡಬ್ಬಿಯಿಂದ ನಾಲ್ಕು ಚಿತ್ರಗಳ ಒಂದು ತುಂಡನ್ನು ಎಳೆದರು. ಕಿಟಕಿಯ ಬೆಳಕಿಗೆ ಹಿಡಿದರು. ಎರಡನೆಯದು ಅದೇ. ಸ್ಕ್ಯಾನರಿನಲ್ಲಿ ಇಟ್ಟಾಗ ತೆರೆಯ ಮೇಲೆ ಬಣ್ಣಗಳೆಲ್ಲ ಮಸುಕಾಗಿ ಬಂದವು. ಒಂದು ಗಂಟೆ ಕುಳಿತು ಒಂದೊಂದಾಗಿ ಸರಿಮಾಡಿದರು. ಸೀರೆಯ ಅಂಚು ಯಾವ ಹಸಿರೆಂದು ನನ್ನನ್ನು ಕೇಳಲಿಲ್ಲ, ಅವರಿಗೇ ನೆನಪಿತ್ತು. ಅಕ್ಕನನ್ನು ಬಿಟ್ಟು ಭಾವನ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿದರು. ದೊಡ್ಡ ಪ್ರಿಂಟು ಹಾಸನದ ಲ್ಯಾಬಿನಲ್ಲೇ ಆಗಬೇಕು, ಗುರುವಾರ ಬಾ ಎಂದರು.

ಗುರುವಾರ ಹೋದೆ. ಮೆಟ್ಟಿಲ ತುದಿಯಲ್ಲಿ ನಿಂತು ಕೇಳಿದೆ, “ಬಂತಾ ಮಾವ?” ಅವರು ಕವರನ್ನು ಕೊಟ್ಟು, ನಾನು ಬಿಚ್ಚಿ ನೋಡುವವರೆಗೆ ನನ್ನ ಮುಖವನ್ನೇ ನೋಡುತ್ತ ನಿಂತರು.

ಆ ಫೋಟೋ ಈಗ ಅಕ್ಕನ ನಡುಮನೆಯಲ್ಲಿದೆ. ಗೋಡೆಯ ಮೇಲಿನ ಫೋಟೋಗಳೆಲ್ಲ ನೇರವಾಗಿ ನೋಡುತ್ತವೆ. ಭಾವ ಮಾತ್ರ ತಲೆ ಸ್ವಲ್ಪ ಬಾಗಿಸಿ, ನಗುತ್ತ, ಚೌಕಟ್ಟಿನ ಕೆಳಗೆ ಏನನ್ನೋ ನೋಡುತ್ತಿದ್ದಾರೆ. ಬಂದವರು ಏನು ನೋಡುತ್ತಿದ್ದಾರೆ ಎಂದು ಕೇಳುವುದುಂಟು. “ಗಂಟು ಹಾಕ್ತಾ ಇದಾರೆ” ಎಂದು ಹೇಳಿ ಅಕ್ಕ ಕಾಫಿ ತರಲು ಒಳಗೆ ಹೋಗುತ್ತಾಳೆ.